ಬಾಯ್ಲರ್ ಕೋಣೆಯ ಮೇಲಿನ ಸಾವು

ಹದಿನಾಲ್ಕನೇ ತಾರೀಕು, ಮಂಗಳವಾರ, ಬೆಳಿಗ್ಗೆ ಹತ್ತೂಕಾಲಿಗೆ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಠಾಣೆಗೆ ಬಂದು ದೂರು ಕೊಡಬೇಕು ಎಂದಳು. ಅವಳ ತಂಗಿ ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಕೆಲಸದವಳು. ಹಿಂದಿನ ದಿನ ಮಧ್ಯಾಹ್ನ ಮೇಜಿಗೆ ತಲೆಯಾನಿಸಿ ಕೂತವಳು ಮತ್ತೆ ಏಳಲಿಲ್ಲ. ಹೃದಯಾಘಾತ ಎಂದ ಲಾಂಡ್ರಿಯ ಮ್ಯಾನೇಜರು ದೇಹವನ್ನು ಮನೆಗೆ ಸಾಗಿಸಲು ಗಾಡಿಯನ್ನೂ ತಾನೇ ಗೊತ್ತುಮಾಡಿದ್ದ.

"ನನ್ನ ತಂಗಿಗೆ ಮೂವತ್ತೊಂದು ವರ್ಷ ಸಾರ್," ಎಂದಳು ಅಕ್ಕ. "ಪಕ್ಕದಲ್ಲಿದ್ದ ಇಬ್ಬರಿಗೂ ಅದೇ ಹೊತ್ತಲ್ಲಿ ತಲೆ ಸುತ್ತಿ ವಾಂತಿ ಆಗಿದೆ. ಮೂರು ಜನಕ್ಕೆ ಒಟ್ಟಿಗೆ ಹೃದಯ ಕೈಕೊಡುತ್ತಾ?"

ಇನ್‌ಸ್ಪೆಕ್ಟರ್ ಅಸಹಜ ಸಾವಿನ ಪ್ರಕರಣ ದಾಖಲಿಸಿ ದೇಹವನ್ನು ಮರಣೋತ್ತರ ಪರೀಕ್ಷೆಗೆ ಕಳಿಸಿದರು. ಸಂಜೆ ನಾಲ್ಕಕ್ಕೆ ಆಸ್ಪತ್ರೆಯಿಂದ ಫೋನು ಬಂತು. ಹೃದಯದಲ್ಲಿ ದೋಷವಿಲ್ಲ, ರಕ್ತ ಅತಿಯಾಗಿ ಕೆಂಪಗಿದೆ, ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ. ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಗಾಳಿ. ಐದು ಹತ್ತಕ್ಕೆ ಎಫ್‌ಐಆರ್ ಆಯಿತು. ಆರೋಪಿಯ ಹೆಸರಿನ ಕಾಲಂ ಖಾಲಿ ಉಳಿಯಿತು.

ಮರುದಿನ ಒಂಬತ್ತಕ್ಕೆ ಲಾಂಡ್ರಿಯಲ್ಲಿ ಪಂಚನಾಮೆ ಶುರುವಾಯಿತು. ಎದುರು ಅಂಗಡಿಯ ದರ್ಜಿ ಮತ್ತು ಬೀಗ ರಿಪೇರಿಯವನು ಪಂಚರಾಗಿ ಬಂದರು. ನೆಲಮಹಡಿಯಲ್ಲಿ ಬಾಯ್ಲರ್ ಕೋಣೆ, ಅದರ ನೇರ ಮೇಲೆ ಇಸ್ತ್ರಿ ಕೋಣೆ. ಉಗಿಯ ಕೊಳವೆಗಳು ಚಾವಣಿ ಕೊರೆದು ಮೇಲಕ್ಕೆ ಹೋಗಿದ್ದವು, ಸುತ್ತಲೂ ಕೈ ತೂರುವಷ್ಟು ಸಂದು. ಸತ್ತವಳ ಮೇಜು ಆ ಸಂದಿನ ಪಕ್ಕದಲ್ಲೇ ಇತ್ತು. ಅರ್ಧ ಮಡಿಸಿದ ಆಸ್ಪತ್ರೆ ಹಾಸಿಗೆ ಬಟ್ಟೆ ಇನ್ನೂ ಹಾಗೇ ಬಿದ್ದಿತ್ತು. ಕಿಟಕಿಗಳು ಮುಚ್ಚಿದ್ದವು.

ಬಾಯ್ಲರ್ ತಪಾಸಣಾಧಿಕಾರಿ ಮುಂಭಾಗದ ಮುಚ್ಚಳ ಬಿಚ್ಚಿ ಟಾರ್ಚ್ ಹಿಡಿದರು. ಹೊಗೆ ಕೊಳವೆಯ ಕೀಲಿನಲ್ಲಿ ಸೋರಿಕೆ ತಡೆಯಬೇಕಿದ್ದ ಗ್ಯಾಸ್ಕೆಟ್ ಒಣ ರೊಟ್ಟಿಯ ಹಾಗೆ ಒಡೆದಿತ್ತು. ಗಾಳಿ ಊದುವ ಫ್ಯಾನಿನ ರೆಕ್ಕೆಗಳಿಗೆ ಬಟ್ಟೆಯ ಜುಂಗು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಅದರ ಪಕ್ಕದ ಸಣ್ಣ ಸ್ವಿಚ್ಚಿನ ಎರಡು ತುದಿಗಳನ್ನು ಒಂದು ತುಂಡು ತಂತಿಯಿಂದ ಸೇರಿಸಲಾಗಿತ್ತು.

"ಉರಿಗೆ ಸಾಕಷ್ಟು ಗಾಳಿ ಸಿಗದಿದ್ದರೆ ಈ ಸ್ವಿಚ್ಚು ಬಾಯ್ಲರನ್ನೇ ನಿಲ್ಲಿಸಿಬಿಡುತ್ತೆ," ಎಂದರು ಅಧಿಕಾರಿ. "ನಾಯಿ ಬೊಗಳುತ್ತೆ ಅಂತ ಬಾಯಿ ಕಟ್ಟಿಹಾಕಿದ್ದಾರೆ. ಗ್ಯಾಸು ಅರೆಬರೆ ಉರಿದು ವಿಷವಾಗಿದೆ, ಒಡೆದ ಕೀಲಿಂದ ಹೊರಬಂದು ಮೇಲೆ ಏರಿದೆ."

ಗೋಡೆಗೆ ತೂಗುಹಾಕಿದ್ದ ಸರ್ವೀಸ್ ಹಾಳೆ ಬೇರೆಯೇ ಕತೆ ಹೇಳುತ್ತಿತ್ತು. ಐದನೇ ತಾರೀಕಿನ ಹಾಳೆ. ಫ್ಯಾನು ಸ್ವಚ್ಛ ಮಾಡಿದೆ, ಸ್ವಿಚ್ಚು ಹೊಸದು, ಗ್ಯಾಸ್ಕೆಟ್ ಹೊಸದು, ಉರಿ ನೀಲಿ. ಕೆಳಗೆ ಬಾಯ್ಲರ್ ರಿಪೇರಿಯ ಮೇಸ್ತ್ರಿಯ ಸಹಿ, ಗೆರೆ ಬಿಟ್ಟು ಎರಡು ಬೆರಳು ಕೆಳಗೆ. ಹೆಡ್ ಕಾನ್‌ಸ್ಟೇಬಲ್ ಅದನ್ನೂ, ತಂತಿಯನ್ನೂ, ಗ್ಯಾಸ್ಕೆಟ್ಟಿನ ಉದುರಿದ ಒಂದು ಚೂರನ್ನೂ ಬೇರೆಬೇರೆ ಲಕೋಟೆಗೆ ಹಾಕಿ ಮೊಹರು ಮಾಡಿದಳು. ಠಾಣೆಗೆ ಬಂದು ಹನ್ನೆರಡು ವರ್ಷವಾಗಿದ್ದ ಅವಳಿಗೆ ಮಾತು ಕಮ್ಮಿ, ಕಣ್ಣು ಚುರುಕು.

ಮ್ಯಾನೇಜರನ್ನು ಹನ್ನೊಂದೂವರೆಗೆ ವಿಚಾರಿಸಿದರು.

"ಹೃದಯಾಘಾತ ಅಂತ ಹೇಳಿದ್ದು ಯಾರು?"

"ನಾನೇ ಸಾರ್. ಹಾಗೆ ಅನ್ನಿಸಿತು."

"ಇನ್ನಿಬ್ಬರು ವಾಂತಿ ಮಾಡಿಕೊಂಡಾಗ ಏನನ್ನಿಸಿತು?"

ಮ್ಯಾನೇಜರು ಮಾತನ್ನು ಬಾಯ್ಲರಿನತ್ತ ತಿರುಗಿಸಿದ. ತಿಂಗಳಿಂದ ಬಾಯ್ಲರು ದಿನಕ್ಕೆ ಹತ್ತು ಸಲ ತಾನಾಗಿ ನಿಲ್ಲುತ್ತಿತ್ತು, ಮೇಸ್ತ್ರಿ ಬಂದುಹೋದ ಮೇಲೆ ಒಂದು ಸಲವೂ ನಿಂತಿಲ್ಲ ಎಂದ. ಮೇಸ್ತ್ರಿ ಇಪ್ಪತ್ತಾರು ವರ್ಷದಿಂದ ಬರುತ್ತಿದ್ದ, ಅವನ ಕೈಗುಣದ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಲಾಂಡ್ರಿಯಿಂದ ತರಿಸಿಕೊಟ್ಟ ಹೊಸ ಬಿಡಿಭಾಗಗಳನ್ನು ಅವನು ಮಾರಿಕೊಂಡಿರಬೇಕು ಎಂದು ಮ್ಯಾನೇಜರು ತನ್ನ ಕೈ ತೊಳೆದುಕೊಂಡ. ಇನ್‌ಸ್ಪೆಕ್ಟರಿಗೂ ಮೊದಲು ಹಾಗೇ ಅನ್ನಿಸಿತ್ತು.

ಮಧ್ಯಾಹ್ನ ಎರಡಕ್ಕೆ ಅವರು ಮೇಸ್ತ್ರಿಯ ಮನೆ ಬಾಗಿಲು ತಟ್ಟಿದರು. ಎರಡು ಕೋಣೆಯ ಒಪ್ಪವಾದ ಮನೆ. ಮೇಸ್ತ್ರಿಗೆ ಐವತ್ತೆಂಟು, ಎತ್ತರದ ಆಳು, ನೀಟಾಗಿ ಕತ್ತರಿಸಿದ ಮೀಸೆ. ಸಾವಿನ ಸುದ್ದಿ ಅವನಿಗೆ ತಲುಪಿತ್ತು. ಭಾಗಗಳನ್ನು ಬದಲಾಯಿಸಿದ್ದೇನೆ ಎಂದಷ್ಟೇ ಹೇಳಿದ. ಮಂಚದ ಕೆಳಗಿನ ಹತಾರದ ಪೆಟ್ಟಿಗೆ ತೆರೆದರೆ ಹೊಸ ಸ್ವಿಚ್ಚು, ಹೊಸ ಗ್ಯಾಸ್ಕೆಟ್ ಎರಡೂ ಅಲ್ಲೇ ಇದ್ದವು. ಮಾರಿಕೊಂಡಿರಲಿಲ್ಲ. ಸ್ವಿಚ್ಚಿನ ಪೊಟ್ಟಣ ಮಾತ್ರ ಒಡೆದಿತ್ತು, ಒಳಗಿರಬೇಕಾದ ಸಣ್ಣ ಸ್ಕ್ರೂಗಳಲ್ಲಿ ಎರಡು ಇರಲಿಲ್ಲ.

ವಶಪಡಿಸಿಕೊಂಡ ವಸ್ತುಗಳ ಪಟ್ಟಿ ಬರೆಯುವಾಗ ಮೇಸ್ತ್ರಿ ಬಂದವರಿಗೆ ನೀರು ಕೊಟ್ಟ. ಅವನು ತೋರುಬೆರಳನ್ನು ಲೋಟದ ಅಂಚಿನಿಂದ ಒಳಕ್ಕೆ ಇಳಿಬಿಟ್ಟು, ನೀರು ಬೆರಳಿಗೆ ತಾಗಿದ ಕೂಡಲೇ ಹೂಜಿ ಎತ್ತಿದ್ದನ್ನು ಹೆಡ್ ಕಾನ್‌ಸ್ಟೇಬಲ್ ನೋಡಿದಳು. ಹೊರಡುವ ಮುನ್ನ ಅಡುಗೆಮನೆಗೆ ಹೋಗಿ ಅವನ ಹೆಂಡತಿಯನ್ನು ಮಾತಾಡಿಸಿದಳು.

"ಯಜಮಾನರು ಪೇಪರ್ ಓದ್ತಾರಾ ಅಮ್ಮ?"

"ಬಿಟ್ಟು ವರ್ಷ ಆಯ್ತಮ್ಮ. ಬರೆಯೋದೆಲ್ಲ ಬರೀ ಸುಳ್ಳು ಅಂತಾರೆ."

ಜೀಪಿನಲ್ಲಿ ಅವಳು ಇದನ್ನೂ ಲೋಟದಲ್ಲಿ ಬೆರಳಿಟ್ಟದ್ದನ್ನೂ ಹೇಳಿದಾಗ ಇನ್‌ಸ್ಪೆಕ್ಟರ್ ಗೆರೆ ತಪ್ಪಿದ್ದ ಆ ಸಹಿಯನ್ನು ನೆನೆದುಕೊಂಡರು. ಆಮೇಲೆ ತಪಾಸಣಾಧಿಕಾರಿಗೆ ಫೋನು ಮಾಡಿದರು.

ಹದಿನಾರನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಲಾಂಡ್ರಿಯನ್ನು ಪೂರ್ತಿ ಖಾಲಿ ಮಾಡಿಸಿ, ಬಾಗಿಲು ಕಿಟಕಿ ತೆರೆಸಿ, ತೆಗೆದ ತಂತಿಯ ಜಾಗದಲ್ಲಿ ಅಂಥದ್ದೇ ಇನ್ನೊಂದನ್ನು ಕಟ್ಟಿ, ಬಾಯ್ಲರನ್ನು ಸಾವಿನ ದಿನದ ಸ್ಥಿತಿಯಲ್ಲೇ ಎರಡು ನಿಮಿಷ ಹೊತ್ತಿಸಲು ಸಿದ್ಧತೆಯಾಯಿತು. ತಪಾಸಣಾಧಿಕಾರಿ ವಿಷಗಾಳಿ ಅಳೆಯುವ ಯಂತ್ರ ಹಿಡಿದು ನಿಂತರು. ಪಂಚರು ಬಾಗಿಲಲ್ಲಿದ್ದರು. ಬಾಯ್ಲರು ಗುಡುಗಿ ಹೊತ್ತಿಕೊಂಡಿತು. ಮುಂಭಾಗದ ಗಾಜಿನ ಕಿಂಡಿಯಲ್ಲಿ ಉರಿ ಸೋಮಾರಿಯಾಗಿ ಹೊರಳಾಡುತ್ತಿತ್ತು. ದರ್ಜಿಗೂ ಬಾಗಿಲಿಂದಲೇ ಕಂಡಿತು, ಹಳದಿ.

ಇನ್‌ಸ್ಪೆಕ್ಟರ್ ಕರೆಸಿಕೊಂಡಿದ್ದ ಮೇಸ್ತ್ರಿಯನ್ನು ಕಿಂಡಿಯ ಮುಂದೆ ನಿಲ್ಲಿಸಿದರು.

"ಉರಿ ಯಾವ ಬಣ್ಣ ಇದೆ ಮೇಸ್ತ್ರಿ?"

ಅವನು ಬಗ್ಗಿ ನೋಡಿದ. "ನೀಲಿ ಸಾರ್."

"ಸರಿಯಾಗಿ ನೋಡಿ ಹೇಳಿ."

ಅವನು ಇನ್ನೂ ಹತ್ತಿರ ಹೋದ, ಮೂಗು ಗಾಜಿಗೆ ತಾಗುವಷ್ಟು. ಯಂತ್ರ ಕೂಗತೊಡಗಿತು. ತಪಾಸಣಾಧಿಕಾರಿ ಗ್ಯಾಸಿನ ತಿರುಪು ಬಂದ್ ಮಾಡಿದರು. ಯಂತ್ರದ ಕೂಗು ಕೇಳಿಯೇ ಉರಿ ನೀಲಿಯಾಗಿರಲಿಲ್ಲ ಎಂದು ಮೇಸ್ತ್ರಿಗೆ ಅರ್ಥವಾಯಿತು. ಗೋಡೆ ಹಿಡಿದುಕೊಂಡು ನೆಲಕ್ಕೆ ಕೂತುಬಿಟ್ಟ.

ಹನ್ನೊಂದು ಇಪ್ಪತ್ತಕ್ಕೆ ಅವನನ್ನು ಬಂಧಿಸಿ ಠಾಣೆಗೆ ಕರೆತಂದರು. ಸುರಕ್ಷತಾ ಸ್ವಿಚ್ಚನ್ನು ಬೇಕೆಂದೇ ನಿಷ್ಕ್ರಿಯಗೊಳಿಸಿ ಸಾವಿಗೆ ಕಾರಣನಾದ ಆರೋಪ. ವಿಷಯ ಮುಚ್ಚಿಹಾಕಲು ನೋಡಿದ್ದಕ್ಕೆ ಮ್ಯಾನೇಜರು ಎರಡನೇ ಆರೋಪಿಯಾದ. ಮಧ್ಯಾಹ್ನ ಆಸ್ಪತ್ರೆಯ ಕಣ್ಣಿನ ವೈದ್ಯರು ಮೇಸ್ತ್ರಿಯನ್ನು ಪರೀಕ್ಷಿಸಿದರು. ಎರಡೂ ಕಣ್ಣಲ್ಲಿ ಪೊರೆ ದಪ್ಪವಾಗಿ ಬೆಳೆದಿತ್ತು. ಅರ್ಧ ಗಂಟೆಯ ಆಪರೇಷನ್ನಿನಲ್ಲಿ ಹೋಗುವಂಥದ್ದು ಎಂದು ವೈದ್ಯರು ವರದಿಯಲ್ಲಿ ಬರೆದರು.

ಹೇಳಿಕೆ ಕೊಡುವಾಗ ಮೇಸ್ತ್ರಿ ಏನನ್ನೂ ಮುಚ್ಚಿಡಲಿಲ್ಲ. ಆ ದಿನ ಹೊಸ ಸ್ವಿಚ್ಚು ಕೂರಿಸಲು ಒಂದು ಗಂಟೆ ಒದ್ದಾಡಿದ್ದ. ಸ್ಕ್ರೂ ಎರಡು ಸಲ ಕೈಜಾರಿ ಬಿತ್ತು, ನೆಲ ತಡವಿದರೂ ಸಿಗಲಿಲ್ಲ. ಮ್ಯಾನೇಜರು ಬಂದು, ಇನ್ನೂ ಆಗಲಿಲ್ವಾ ಎಂದು ಕೇಳಿದ. ಆಗ ತಂತಿ ಕಟ್ಟಿ, ಫ್ಯಾನನ್ನೂ ಗ್ಯಾಸ್ಕೆಟ್ಟನ್ನೂ ಮುಟ್ಟದೆ, ಎಲ್ಲ ಆಯಿತೆಂದು ಹಾಳೆಯಲ್ಲಿ ಬರೆದ. ನಾಲ್ಕು ದಿನ ಬಿಟ್ಟು ಬಂದು ಸರಿ ಮಾಡುತ್ತೇನೆ ಎಂದುಕೊಂಡಿದ್ದ. ಬಾಯ್ಲರು ನಿಲ್ಲದೆ ಓಡುತ್ತಿದೆ, ನಿನ್ನ ಕೈಗೆ ಶರಣು ಎಂದು ಮ್ಯಾನೇಜರು ಫೋನು ಮಾಡಿದ ಮೇಲೆ ಹೋಗಲು ಮನಸ್ಸು ಬರಲಿಲ್ಲ.

"ಕಣ್ಣಿಗೆ ಯಾಕೆ ತೋರಿಸಲಿಲ್ಲ?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

ಮೇಸ್ತ್ರಿ ಹೇಳಿದ: "ನನಗೆ ವಿದ್ಯೆ ಕಲಿಸಿದವರಿಗೂ ಕೊನೆಗೊನೆಗೆ ಕಣ್ಣು ಮಂಜಾಗಿತ್ತು ಸಾರ್. ಅವರಿಗೆ ಉರಿ ಕಾಣಲ್ಲ ಅಂತ ಯಜಮಾನರ ಹತ್ರ ಹೋಗಿ ಹೇಳಿದ್ದು ನಾನೇ. ಮಾರನೇ ದಿನವೇ ಅವರನ್ನ ಬಿಡಿಸಿ, ಆ ಜಾಗ ನನಗೆ ಕೊಟ್ಟರು. ಅವರು ಸಾಯೋವರೆಗೂ ಮನೆ ಹೊಸ್ತಿಲು ದಾಟಲಿಲ್ಲ. ನನ್ನದೂ ಹಾಗೇ ಆಗುತ್ತೆ ಅಂತ..."

ಹೆಡ್ ಕಾನ್‌ಸ್ಟೇಬಲ್ ಅವನ ಮಾತನ್ನು ಇದ್ದ ಹಾಗೇ ಬರೆದುಕೊಂಡಳು. ಬರೆದದ್ದನ್ನು ಓದಿ ಹೇಳಿದ ಮೇಲೆ ಅವನು ಇನ್ನೊಂದು ಮಾತು ಸೇರಿಸಿ ಎಂದ.

"ಆವತ್ತು ನಾನು ಚಾಡಿ ಹೇಳಿದೆ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ಅಲ್ಲ ಸಾರ್. ನಾನು ಹೇಳಿದ್ದಕ್ಕೇ ಆವತ್ತು ಯಾರೂ ಸಾಯಲಿಲ್ಲ."

ಇನ್‌ಸ್ಪೆಕ್ಟರ್ ಅದನ್ನೂ ಬರೆಯಲು ಹೇಳಿದರು.