ಉಪವಾಸವಿದ್ದ ಮೀನು

ಗಂಡಿನ ಕಡೆಯವರು ಬಂದಾಗ ಹುಡುಗಿಯ ಎದೆ ಬಡಿದುಕೊಳ್ಳುವುದು ಗಂಡಿನ ಸಲುವಾಗಿ. ನಮ್ಮ ಸಗೀರಾಳದು ಲೋಕಕ್ಕೇ ಬೇರೆ. ಮನಗೂಳಿಯಿಂದ ಬಂದವರು ಪಡಸಾಲೆಯ ಜಮಖಾನೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರೆ, ಇವಳು ಒಳಕೋಣೆಯಲ್ಲಿ ನಿಂತು ಒಂದು ಮೀನಿನ ಚಿಂತೆ ಮಾಡುತ್ತಿದ್ದಳು.

ಅರವತ್ತನೆಯ ಇಸವಿಯ ಆಚೀಚೆಯ ಮಾತು. ಸಗೀರಾಳ ತಂದೆ ಬಾಬುಲಾಲ ಇಂಡಿ ಊರಿನ ಪೇಟೆಯಲ್ಲಿ ಫೋಟೊಗಳಿಗೆ ಕಟ್ಟು ಹಾಕುವವನು. ಮಗಳು ಹಳ್ಳದಲ್ಲಿ ಓಢಣಿ ಒಡ್ಡಿ ಹಿಡಿದು ತಂದ ಮೀನುಗಳನ್ನು ಕೊಡದೊಳಗೆ ಬಗ್ಗಿ ಬಗ್ಗಿ ನೋಡುವುದನ್ನು ಕಂಡು ಅವನಿಗೇ ಕುತ್ತಿಗೆ ನೋಯತೊಡಗಿತ್ತು. ಕಬ್ಬಿಣದ ಚೌಕಟ್ಟಿಗೆ ಗಾಜು ಕೂಡಿಸಿ ಒಂದು ಪೆಟ್ಟಿಗೆ ಮಾಡಿದ. ಅದನ್ನು ಇಟ್ಟದ್ದೆಲ್ಲಿ ಅಂತೀರಿ, ಪಡಸಾಲೆಗೂ ಹೆಂಗಸರ ಕೋಣೆಗೂ ನಡುವಿನ ಕಿಟಕಿಯಲ್ಲಿ. ಮೇಲೆ ಗೇಣುದ್ದ ಸಂದು ಬಿಟ್ಟರೆ ಕಿಟಕಿಯ ತುಂಬ ನೀರೇ. ಆ ಕಡೆ ಗಂಡಸರು, ಈ ಕಡೆ ಹೆಂಗಸರು, ಇಬ್ಬರಿಗೂ ಮೀನು ಕಾಣುತ್ತಿತ್ತು.

ಒಳಗೆ ಹಳ್ಳದ ಉಸುಕು, ಪಾಚಿ, ಮರಳ ಎಂದು ಕರೆಯುವ, ಹಾವಿನಂಥ ತಲೆಯ ಕುಳ್ಳ ಮೀನುಗಳ ಒಂದು ಜೋಡಿ. ಮಣ್ಣುಬಣ್ಣದ ಮೈ, ಆದರೆ ರೆಕ್ಕೆ ಬಿಚ್ಚಿದರೆ ಅಂಚಿಗೆ ಕಿತ್ತಳೆ ಬಣ್ಣದ ಗೋಟು. ಜೋಡಿಯಲ್ಲಿ ಒಂದು ಮೀನು ವಾರದಿಂದ ಎರೆಹುಳ ಹಾಕಿದರೂ ಮೂಸುತ್ತಿರಲಿಲ್ಲ. ಗಂಟಲು ಉಬ್ಬಿತ್ತು. ಮೂಲೆ ಹಿಡಿದು ನಿಂತದ್ದು ಅಲ್ಲಾಡುತ್ತಿರಲಿಲ್ಲ. ಸಾಯುತ್ತದೇನೋ ಎಂದು ಸಗೀರಾಳಿಗೆ ಊಟ ಸೇರುತ್ತಿರಲಿಲ್ಲ.

ಗಂಡು ಜೈನುದ್ದೀನ ಮನಗೂಳಿಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡಿದ್ದ. ತಂದೆ ಇಲ್ಲದ ಹುಡುಗ, ಚಾಚಾ ನಬಿಸಾಬನೇ ಸಾಕಿದ್ದ. ಚಾಚಾ ಹಾಕಿದ ಗೆರೆ ದಾಟಿದವನಲ್ಲ ಎಂದು ಬಂದ ಕೂಡಲೇ ಚಾಚಿ ರಮಜಾನಬಿ ಹೊಗಳಿದ್ದಳು. ಅಂಥವನು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದು ಗಾಜಿನ ಮುಂದೆ ಬಗ್ಗಿದ.

ಈ ಕಡೆ ಸಗೀರಾಳೂ ಬಗ್ಗಿಯೇ ಇದ್ದಳು. ನೀರಿನಾಚೆ ಅವನ ಕಣ್ಣು ಎಮ್ಮೆಗಣ್ಣಿನಷ್ಟು ದೊಡ್ಡದಾಗಿ ಕಂಡು ನಗು ಬಂತು. ಪಾಚಿಯ ಹಿಂದೆ ಸರಿದಳು. ಅವನು ಮೀನಿನ ಹಿಂದೆ ಕಣ್ಣು ಹೊರಳಿಸುತ್ತ ಪಾಚಿಯವರೆಗೂ ಬಂದ, ಅಲ್ಲಿ ಇವಳನ್ನು ಕಂಡ, ಕಳ್ಳನ ಹಾಗೆ ಮತ್ತೆ ಮೀನಿಗೆ ಮರಳಿದ. ಇವಳು ಪಾಚಿಯ ಇನ್ನೊಂದು ಬದಿಗೆ ಜಾರಿದಳು. ಅವನ ಕಣ್ಣೂ ಆ ಬದಿಗೇ ಬರಬೇಕೆ. ಸಗೀರಾಳ ಕಿವಿ ಬಿಸಿಯಾದವು.

ಅಷ್ಟರಲ್ಲಿ ನಬಿಸಾಬ ಎದ್ದು ಬಂದ. ಮೀನು ನೋಡಿ ಅವನ ಮುಖ ಅರಳಿತು. ಬೀಗರು ಎಂದರೆ ಹಿಂಗಿರಬೇಕು, ನಮ್ಮ ಊಟಕ್ಕೆಂದೇ ಮೀನನ್ನು ಜೀವಂತ ಇಟ್ಟಿದ್ದಾರೆ ಎಂದು ಬಾಬುಲಾಲನ ಬೆನ್ನು ತಟ್ಟಿದ. ನಬಿಸಾಬ ಮೂಲೆಯಲ್ಲಿದ್ದದ್ದನ್ನೂ ನೋಡಿ, ಅದು ವಾರದಿಂದ ಏನೂ ತಿಂದಿಲ್ಲ ಎಂದು ಬಾಬುಲಾಲನಿಂದ ಕೇಳಿ ಗಡ್ಡ ತುರಿಸಿಕೊಂಡ. ಇದಕ್ಕೆ ರೋಗ ಬಡಿದಿದೆ, ತಾನಾಗಿ ಸತ್ತು ತೇಲಿದರೆ ತಿನ್ನುವ ಹಾಗಿಲ್ಲ, ಜೀವ ಇರುವಾಗಲೇ ತೆಗೆದುಬಿಡಿ ಎಂದ. ತಾನು ಮನೆಯವರಿಗೆ ಉಪಕಾರವನ್ನೇ ಮಾಡುತ್ತಿದ್ದೇನೆ ಎಂಬುದು ಪಾಪ ಅವನ ಲೆಕ್ಕ.

ಮನೆಗೆ ಬಂದ ಮೆಹಮಾನರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಎನ್ನುವ ಮನೆತನ ಅಲ್ಲ ಅದು. ಬಾಬುಲಾಲ ಮಗಳತ್ತ ನೋಡದೆಯೇ, ಮೂಲೆಯದನ್ನು ತೆಗೆಯವ್ವಾ ಎಂದ.

ಸಗೀರಾ ಮೇಲಿನ ಸಂದಿಯಿಂದ ಕೈ ಇಳಿಸಿದಳು. ತಾನು ಕೈಯಾರೆ ಸಾಕಿದ ಜೀವವನ್ನು ಕುಯ್ದು ಬಡಿಸಿ, ಆಮೇಲೆ ಆ ತಾಟು ಉಂಡವನ ಜೊತೆ ಜನ್ಮ ಕಳೆಯಬೇಕು. ಕಣ್ಣೀರು ತಡೆಯಲು ನೋಡಿದಳು, ಆಗಲಿಲ್ಲ. ಬೆರಳು ಇನ್ನೇನು ಮೀನನ್ನು ಮುಟ್ಟಬೇಕು, ಆಚೆಯಿಂದ ಒಂದು ಅಂಗೈ ಗಾಜಿಗೆ ಒತ್ತಿ ನಿಂತಿತು.

“ಚಾಚಾ, ಅದನ್ನ ತಗೀಬ್ಯಾಡ್ರಿ. ತಗದ್ರ ನಾ ಈ ಮನ್ಯಾಗ ಉಣ್ಣಂಗಿಲ್ಲ.”

ಹೆಣ್ಣು ನೋಡಲು ಬಂದವನು ಉಣ್ಣುವುದಿಲ್ಲ ಎಂದರೆ ಹೆಣ್ಣು ಒಲ್ಲೆ ಎಂದೇ ಅರ್ಥ. ಸಗೀರಾಳ ಎದೆ ಧಸಕ್ಕೆಂದಿತು. ಒಲ್ಲದವನಾದರೂ ಮೀನು ಉಳಿಸಿದನಲ್ಲ ಎಂದುಕೊಂಡಳು. ಹಾಗೆಂದುಕೊಂಡದ್ದರಿಂದ ಸಮಾಧಾನವೇನೂ ಆಗಲಿಲ್ಲ. ನಬಿಸಾಬನ ಮುಖ ಕೆಂಪಾಯಿತು. ಸಾಕಿ ಬೆಳೆಸಿದ್ದು ನಾಲ್ಕು ಜನರೆದುರು ನನ್ನ ಮಾನ ಕಳೆಯುವುದಕ್ಕೇನು ಎಂದು ಕೇಳಿದ.

“ಹಂಗಲ್ರಿ. ಅದರ ಬಾಯಾಗ ಮರಿ ಅದಾವ.”

ನಬಿಸಾಬ ನಂಬಲಿಲ್ಲ. ಮರಿ ಬಾಯಲ್ಲಿದ್ದರೆ ನುಂಗುತ್ತಿರಬೇಕು ಎಂದ. ಆದರೂ ಬಗ್ಗಿದ. ಬಾಬುಲಾಲನೂ ಬಗ್ಗಿದ. ಒಳಗಿನಿಂದ ರಮಜಾನಬಿ ಸಗೀರಾಳ ಹೆಗಲ ಮೇಲೆ ಗದ್ದವಿಟ್ಟು ನೋಡಿದಳು. ಚಹಾ ತಣ್ಣಗಾಯಿತು, ಯಾರಿಗೂ ಅದರ ಎಚ್ಚರವಿಲ್ಲ.

ಮೀನು ಮೆಲ್ಲಗೆ ಬಾಯಿ ತೆರೆಯಿತು. ಅಕ್ಕಿಕಾಳಿನಷ್ಟು ಒಂದು ಮರಿ ಹೊರಬಂತು, ಅದಕ್ಕೆ ಎರಡು ಕಪ್ಪು ಕಣ್ಣು. ಹಿಂದೆ ಇನ್ನೊಂದು. ಆಮೇಲೆ ಎಣಿಸಲು ಬಾರದಷ್ಟು, ಮೀನಿನ ಮೂತಿಯ ಸುತ್ತ ಒಂದು ನಡುಗುವ ಮೋಡದ ಹಾಗೆ. ಸಗೀರಾ ಉಸಿರಾಡುವುದನ್ನೇ ಮರೆತಳು. ರಮಜಾನಬಿಯ ಬಳೆ ಗಾಜಿಗೆ ತಾಗಿ ಸದ್ದಾದದ್ದೇ ತಡ, ಆ ಬಾಯಿ ಅಗಲವಾಯಿತು, ಮರಿಗಳೆಲ್ಲ ಓಡೋಡಿ ಒಳಗೆ ಸೇರಿಕೊಂಡವು. ಬಾಯಿ ಮುಚ್ಚಿತು. ಗಂಟಲು ಮತ್ತೆ ಉಬ್ಬಿತು.

“ಸುಬ್ಹಾನಲ್ಲಾ,” ಎಂದ ನಬಿಸಾಬ. ದನಿ ಕೆಳಗಿಳಿದಿತ್ತು. “ವಾರದಿಂದ ಉಪವಾಸ ಬಿದ್ದೈತಲ್ಲ. ತಾಯಿ ಅಂದ್ರ ತಾಯೀನ.”

ಸಗೀರಾಳಿಗೆ ತಡೆಯಲಾಗಲಿಲ್ಲ. ಸಂದಿಯಿಂದಲೇ ಹೇಳಿದಳು. “ತಾಯಿ ಅಲ್ರಿ. ಮೊದಲ ಹೊಟ್ಟಿ ದಪ್ಪಾಗಿದ್ದ ತಾಯಿ ಆಕಡೆ ತಿನ್ಕೋತ ಅಡ್ಡಾಡಾಕತ್ತೈತಿ. ಇದು ತಂದಿ.”

ನಬಿಸಾಬ ಬಹಳ ಹೊತ್ತು ಆ ಉಬ್ಬಿದ ಗಂಟಲನ್ನೇ ನೋಡಿದ. ಆಮೇಲೆ ರುಮಾಲಿನ ತುದಿಯಿಂದ ಮೂಗು ಒರೆಸಿಕೊಂಡು, ಅಣ್ಣನ ಮಗನ ತಲೆಯ ಮೇಲೊಮ್ಮೆ ಕೈಯಿಟ್ಟ. ಮನೆಯಲ್ಲಿ ಬದನೆಕಾಯಿ ಇದ್ದರೆ ಅದೇ ಸಾಕು, ಹುಡುಗಿ ಮನಸ್ಸಿನಲ್ಲಿ ಏನಿದೆ ಕೇಳಿ ಬಾ ಎಂದು ರಮಜಾನಬಿಗೆ ಹೇಳಿ, ಬಾಬುಲಾಲನನ್ನು ಕರೆದುಕೊಂಡು ಕಟ್ಟೆಗೆ ಹೋದ.

ರಮಜಾನಬಿ ಕೇಳಿದಳು. ಸಗೀರಾ ಗಾಜಿನತ್ತ ನೋಡಿದಳು. ಅವನು ಉಣ್ಣುವುದಿಲ್ಲ ಎಂದದ್ದು ಇನ್ನೂ ಎದೆಯಲ್ಲಿ ಚುಚ್ಚುತ್ತಿತ್ತು. ಚಾಚಿಗೆ ಅರ್ಥವಾಗಿರಬೇಕು, ಅಡಿಗೆಮನೆಯಲ್ಲಿ ಏನೋ ಕೆಲಸ ನೆನಪಾದವಳಂತೆ ಎದ್ದು ಹೋದಳು.

ಪಡಸಾಲೆಯಲ್ಲಿ ಜೈನುದ್ದೀನ ಇನ್ನೂ ಗಾಜಿನ ಮುಂದೆಯೇ ಇದ್ದ. ಸಗೀರಾ ಈ ಸಲ ಪಾಚಿಯ ಹಿಂದೆ ಹೋಗಲಿಲ್ಲ.

“ನಮಗ ದಿನಾ ನೋಡಿದ್ರೂ ಗೊತ್ತಾಗ್ಲಿಲ್ಲ,” ಎಂದಳು. “ನಿಮಗ ಆ ಮರಿ ಹೆಂಗ ಕಂಡ್ವು?”

“ಖರೇ ಹೇಳ್ಲಾ? ನಾ ಮೀನು ನೋಡಾಕತ್ತಿರಲಿಲ್ರಿ.” ಅವನು ತಲೆ ತಗ್ಗಿಸಿದ. “ನೀವು ಅಳಾಕತ್ತಿದ್ರಿ. ಇಷ್ಟು ಯಾಕ ಅಳ್ತಾರ ಅಂತ ಮೀನಿನ ಮಾರಿ ನೋಡಿದೆ. ಆವಾಗ ಕಂಡ್ವು.”

ಸಗೀರಾಳಿಗೆ ಮತ್ತೆ ಅಳು ಬಂತು, ಈ ಸಲ ಅಡಗಿಸಿಕೊಳ್ಳಬೇಕೆನಿಸಲಿಲ್ಲ. ಅಡಿಗೆಮನೆಗೆ ಹೋಗಿ, ರೊಟ್ಟಿ ತಟ್ಟುತ್ತಿದ್ದ ರಮಜಾನಬಿಯ ಪಕ್ಕದಲ್ಲಿ ಕೂತು, ಹೂಂ ಎಂದಳು.