ಮತ್ತೆ ಬಂದ ಕೂದಲು

“ಉಸಿರಾಡೋದಕ್ಕೂ ಟೀಚರ್ ಬೇಕಾ?”

ಕ್ಯಾನ್ಸರ್ ಆಸ್ಪತ್ರೆಯ ಮೂರನೇ ಮಹಡಿಯ ಕೋಣೆಯ ಬಾಗಿಲಲ್ಲಿ ನಿಂತು ಅವನು ಕೇಳಿದ. ಗಡಿಯಾರ ರಿಪೇರಿ ಮಾಡುವವನು. ಬೋಳು ತಲೆ, ಗುಳಿಬಿದ್ದ ಕಣ್ಣು.

“ಬೇಡದಿದ್ರೆ ಮನೆಗೆ ಹೋಗಿ,” ಎಂದಳು ರೋಗಿಗಳಿಗೆ ಉಸಿರಾಟ ಕಲಿಸುವವಳು.

ಅವನು ಹೋಗಲಿಲ್ಲ. ಚಾಪೆ ಹಾಸಿ ಕೂತ.

ಪ್ರತಿ ಸೋಮವಾರ ಬಂದ. ಕಿಮೋ ಆದ ವಾರ ಕೈ ನಡುಗಿ ಚಿಮಟ ಹಿಡಿಯಲಾಗದು, ನಿದ್ದೆಯೂ ಇಲ್ಲ ಎಂದಿದ್ದ. ಅವಳು ಮೆಲ್ಲಗೆ ಉಸಿರೆಳೆದು ಬಿಡುವುದನ್ನು ಕಲಿಸಿದಳು. ಅವನಿಗೆ ನಿದ್ದೆ ಬಂತು. ಅವಳಿಗೆ ಸೋಮವಾರದ ದಾರಿ ಕಾಯುವುದು ಬಂತು...

ಒಂದು ದಿನ ಅವನ ತಲೆಯ ಮೇಲೆ ಎಳೆಗೂದಲು.

“ಎಲ್ಲರೂ ನೋಡಿ, ಉಸಿರಾಟದ ಫಲ ಇದು!” ಎಂದು ಅವಳು ಹಿಗ್ಗಿದಳು. ಅವನು ಏನೋ ಹೇಳಹೋಗಿ, ಅವಳ ಮುಖ ನೋಡಿ ಸುಮ್ಮನಾದ.

ಕೆಲವು ವಾರಗಳ ಮೇಲೆ ಅವನ ಅಕ್ಕ ತರಗತಿಗೇ ನುಗ್ಗಿದಳು.

“ಮೇಡಂ, ಇವನು ಕಿಮೋ ಬಿಟ್ಟು ಮೂರು ತಿಂಗಳಾಯ್ತಂತೆ. ನೀವೇ ಬಿಡಿಸಿದ್ರಾ?”

ಅವಳು ಅವನ ತಲೆಯತ್ತ ತಿರುಗಿ ನೋಡಿದಳು. ಔಷಧ ನಿಂತದ್ದಕ್ಕೇ ಕೂದಲು ಬಂದಿತ್ತು. ದೇವರೇ, ಇದು ನನಗೆ ಹೊಳೆಯಬಾರದಿತ್ತೇ?

“ಮೊದಲು, ಕೈ ನಡುಗದೆ ಕೆಲಸ ಮಾಡೋಣ ಅಂತ ಒಂದೇ ಸಲ ತಪ್ಪಿಸಿದೆ,” ಎಂದ ಅವನು. “ನೀವು ಅಷ್ಟು ಖುಷಿಪಟ್ರಲ್ಲ... ಕೂದಲನ್ನ ಮತ್ತೆ ಉದುರಿಸ್ಕೊಂಡು ನಿಮ್ಮೆದುರು ಕೂರೋಕೆ ಮನಸ್ಸಾಗಲಿಲ್ಲ. ನೀವಂದ್ರೆ ನನಗೆ...”

“ಸಾಕು. ಉಸಿರಾಟದಿಂದ ನಿದ್ದೆ ಬರುತ್ತೆ, ಗಡ್ಡೆ ಕರಗಲ್ಲ. ನಿಮ್ಮ ಮೇಲೆ ನನಗೇನೂ ಇಲ್ಲ. ಇಲ್ಲಿನ ಹತ್ತು ಚಾಪೆಗಳಲ್ಲಿ ನಿಮ್ಮದೊಂದು, ಅಷ್ಟೇ. ಎದ್ದು ಹೋಗಿ.”

ಚಾಪೆ ಸುತ್ತಿ ಹೊರಗೆಸೆದಳು. ಉಳಿದ ರೋಗಿಗಳು ತಲೆತಗ್ಗಿಸಿದರು. ಪ್ರೀತಿಯಿಂದ ಹೇಳಿದರೆ ಇವನು ಇಲ್ಲೇ ಉಳಿದುಬಿಡುತ್ತಾನೆ... ಸಿಟ್ಟಾದರೂ ಇವನನ್ನು ಔಷಧದ ಹತ್ತಿರ ಕೊಂಡೊಯ್ಯಲಿ.

ಅಂದಿನಿಂದ ಅವಳು ಮಾಡದ ಪ್ರಾರ್ಥನೆಯಿಲ್ಲ.

ನಾಲ್ಕು ತಿಂಗಳ ಮೇಲೆ ಅಕ್ಕ ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ಕುರ್ಚಿಯಲ್ಲಿದ್ದವನಿಗೆ ಕೂದಲಿರಲಿಲ್ಲ, ಹುಬ್ಬೂ ಇರಲಿಲ್ಲ.

“ಆಮೇಲೆ ಒಂದೂ ಕಿಮೋ ತಪ್ಪಿಸಲಿಲ್ಲ,” ಎಂದಳು ಅಕ್ಕ, ಅವಳತ್ತ ನೋಡದೆ. “ಆದ್ರೆ ಆ ಮೂರು ತಿಂಗಳಲ್ಲೇ ಲಿವರ್‌ಗೆ ಹಬ್ಬಿತ್ತಂತೆ. ಇನ್ನು ಕೊಡೋಕೆ ಏನೂ ಇಲ್ಲ ಅಂದ್ರು.”

ಅವಳು ಅವನ ತಲೆಯ ಮೇಲೆ ಕೈಯಿಟ್ಟಳು.

“ನಿಮಗೆ ಎರಡು ಸುಳ್ಳು ಹೇಳಿದೆ. ಕೂದಲಿನದ್ದೊಂದು, ಗೊತ್ತಿಲ್ಲದೆ. ನಿಮ್ಮ ಮೇಲೆ ಏನೂ ಇಲ್ಲ ಅಂದದ್ದೊಂದು.”

“ಮೊದಲನೇದನ್ನ ನೀವು ನಂಬಲಿ ಅಂತ ನಾನೇ ಸುಮ್ಮನಿದ್ದೆ. ಎರಡನೇದನ್ನ ನಾನು ನಂಬಲೇ ಇಲ್ಲ. ನಂಬಿದ್ರೆ ಔಷಧಕ್ಕೆ ಹೋಗ್ತಾನೇ ಇರ್ಲಿಲ್ಲ.”

“ಹಾಗಾದ್ರೆ ಇಷ್ಟು ದಿನ ಯಾಕೆ ಬರಲಿಲ್ಲ?”

“ಬೋಳಾಗದೆ ಬಂದ್ರೆ ಮತ್ತೆ ಚಾಪೆ ಎಸೀತಿದ್ರಿ.”

ಅವಳು ಅಂದೇ ಹೊರಗಿಂದ ಎತ್ತಿ ಮೂಲೆಯಲ್ಲಿಟ್ಟಿದ್ದ ಅವನ ಚಾಪೆ ತಂದು ಹಾಸಿದಳು.

“ನಿದ್ದೆ ಬರ್ತಿಲ್ಲ, ಟೀಚರ್.”

“ಮಲಗಿ. ಉಸಿರು ನಾನು ಎಣಿಸ್ತೀನಿ. ನೀವು ನಿಲ್ಲಿಸೋವರೆಗೂ.”