ಸ್ಕ್ರೂ ಮೇಲಿನ ಗುಲಾಬಿ ಚುಕ್ಕೆ

ಮೂವತ್ತು ವರ್ಷದ ಆ ಬಿಳಿ ಕಾರು ನಾಲ್ಕನೇ ಶನಿವಾರವೂ ಕೆಮ್ಮುತ್ತಾ ಕೌಲ್ ಬಜಾರಿನ ಓಣಿಗೆ ಬಂದು, ಭೀಮರಾಜನ ಗ್ಯಾರೇಜಿನ ಮುಂದೆ ಉಸಿರು ಬಿಟ್ಟಿತು. ಅವನೊಳಗಿನ ಮೆಕ್ಯಾನಿಕ್‌ಗೆ ನಾಚಿಕೆಯಾಯಿತು. ಆದರೆ ಅವನಿಗೆ ಖುಷಿಯಾಯಿತು, ಸುಳ್ಳೇಕೆ?

ಇಳಿದವಳು ಸುಮಂಗಲಾ. ಕುರುಗೋಡಿನಲ್ಲಿ ಟೀಚರ್. ಶನಿವಾರ ಬೆಳಗಿನ ಶಾಲೆ ಮುಗಿಸಿ ಸೀದಾ ಇಲ್ಲಿಗೆ. ಒಂದೇ ಕುರ್ಚಿಯಿದ್ದ ಗ್ಯಾರೇಜಿಗೆ ಈ ತಿಂಗಳು ಎರಡನೆಯದು ಬಂದಿದ್ದು ಯಾರಿಗಾಗಿ ಎಂದು ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವಳೊಬ್ಬಳನ್ನು ಬಿಟ್ಟು.

"ಮತ್ತ ನಿಂತಲ್ಲೆ ಆಫ್ ಆಗಾಕ ಹತ್ತೈತ್ರಿ," ಅಂದಳು.

"ಹೋದ ವಾರ ಕಾರ್ಬೊರೇಟರ್ ಪೂರ್ತಿ ಬಿಚ್ಚಿ ತೊಳದಿದ್ನೆಲ್ರಿ ಮೇಡಂ!"

"ಅದನ್ನ ಅಪ್ಪಗ ಹೇಳ್ರಿ. ಈ ಸಲ ಹೊಸಾದು ಹಾಕ್ಸು, ಇಲ್ಲಂದ್ರ ಬ್ಯಾರೆ ಮೆಕ್ಯಾನಿಕ್ಕನ್ನ ನೋಡು ಅಂದಾನ."

ಭೀಮರಾಜನ ಮುಖ ಸಣ್ಣದಾಯಿತು. ಅವಳಪ್ಪ ಕೆಂಚಣ್ಣನಿಗೆ, ತಾನು ಸಿರುಗುಪ್ಪದಲ್ಲಿ ಪೋಸ್ಟ್‌ಮಾಸ್ಟರ್ ಆಗಿದ್ದಾಗ ಕೊಂಡ ಈ ಕಾರೆಂದರೆ ಜೀವ. ಹೊಸ ಕಾರ್ಬೊರೇಟರ್ ಹಾಕಿದರೆ ವರ್ಷಗಟ್ಟಲೆ ಇವಳು ಇತ್ತ ತಲೆ ಹಾಕುವುದಿಲ್ಲ. ಹಳೆಯದನ್ನೇ ಬಿಟ್ಟರೆ ಕಾರು ಬೇರೆಯವನ ಕೈಗೆ ಹೋಗುತ್ತದೆ. ಹೇಗೆ ನೋಡಿದರೂ ಅವನ ಶನಿವಾರಗಳು ಮುಗಿದವು.

ಬಾನೆಟ್ ಎತ್ತಿ ಬಗ್ಗಿ ನೋಡಿದ. ಅಲ್ಲೇ ನಿಂತುಬಿಟ್ಟ.

ತನ್ನ ಕೈಯ ಮೇಲೆ ತನಗೇ ಅನುಮಾನ ಬಂದು, ಹೋದ ವಾರ ಅವನೊಂದು ಕೆಲಸ ಮಾಡಿದ್ದ. ಉಸ್ತಾದ್ ಚಿದಾನಂದಪ್ಪ ಕಲಿಸಿದ್ದು ಅದು: ಕಾರು ನಿಂತಾಗ ಎಂಜಿನ್ ಆಫ್ ಆಗದಂತೆ ಕಾಯುವ ಐಡ್ಲಿಂಗ್ ಸ್ಕ್ರೂ ಹದಕ್ಕೆ ತಂದ ಮೇಲೆ ಅದರ ತಲೆಗೊಂದು ಚುಕ್ಕೆ ಕೆಂಪು ಉಗುರುಬಣ್ಣ. ಯಾರಾದರೂ ತಿರುಗಿಸಿದರೆ ಬಣ್ಣ ಒಡೆಯುತ್ತದೆ.

ಇವತ್ತು ಚುಕ್ಕೆಯೇನೋ ಇತ್ತು. ಆದರೆ ಗುಲಾಬಿ ಬಣ್ಣದ್ದು.

ಭೀಮರಾಜ ನಿಧಾನ ತಿರುಗಿ ಅವಳ ಕೈ ನೋಡಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಸುಮಂಗಲಾ ತಟ್ಟನೆ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ನಾ ಹಚ್ಚಿದ್ದು ಕೆಂಪ್ರಿ ಮೇಡಂ."

"ಹೌದ್ರಿ?"

"ಹೌದ್ರಿ."

ಅವಳು ನೆಲ ನೋಡಿದಳು. ಕೆನ್ನೆ ಉಗುರಿನ ಬಣ್ಣಕ್ಕೇ ತಿರುಗಿತು. "ಮೊದಲ್ನೇ ಸಲ ಖರೇನ ಕೆಟ್ಟಿತ್ರಿ."

"ಉಳದ ಮೂರ್ ಸಲ?"

"ಅರ್ಧ ಸುತ್ತು ತಿರುಗಿಸಿದ್ರ ಸಾಕು ಆಫ್ ಆಗ್ತೈತಿ ಅಂತ ನೀವ ತೋರ್ಸಿದ್ರೆಲ್ಲ!" ತಪ್ಪೆಲ್ಲ ಅವನದೇ ಎಂಬಂತೆ ದಬಾಯಿಸಿದಳು. ಮರುಕ್ಷಣ ದನಿ ಇಳಿಯಿತು. "ಸುಮ್ಸುಮ್ಮನ ಬಂದು ಕುಂತ್ರ ಮಂದಿ ಏನಂತಾರ್ರಿ? ನಿಮ್ಮನ್ನ ನೋಡಾಕ ನನಗೊಂದು ನೆವ ಬೇಕಿತ್ತು."

ತಿಂಗಳಿಂದ ತನ್ನ ಕೈಗುಣ ಕೆಟ್ಟಿತೆಂದು ನಿದ್ದೆಗೆಟ್ಟಿದ್ದ ಭೀಮರಾಜನೆಂಬ ಪ್ರಾಣಿ, ಈಗ ಎಣ್ಣೆ ಮೆತ್ತಿದ ಕೈಯಿಂದಲೇ ಹಣೆ ಒರೆಸಿಕೊಂಡು ನಗತೊಡಗಿದ. ಹಣೆಗೆ ಕಪ್ಪು ಬಳಿದದ್ದು ನೋಡಿ ಅವಳೂ ನಕ್ಕಳು.

"ನೀವು ಬರ್ಲಿ ಅಂತ ನಾ ಶುಕ್ರವಾರ ರಾತ್ರಿನ ಈ ಕುರ್ಚಿ ತೊಳದಿಡ್ತೀನ್ರಿ," ಅಂದ. "ಕೇಳಾಕ ಧೈರ್ಯ ಇರ್ಲಿಲ್ಲ."

ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಕೆಂಚಣ್ಣ. "ಏನಂತಾನವಾ ಮೆಕ್ಯಾನಿಕ್ಕು? ರಿಪೇರಿನೋ, ಹೊಸಾದೋ?"

ಸುಮಂಗಲಾ ಗಾಬರಿಯಿಂದ ಭೀಮರಾಜನನ್ನು ನೋಡಿದಳು. ಅವನು ಕೈ ಒರೆಸಿಕೊಂಡು ಫೋನ್ ಇಸಕೊಂಡ.

"ನಮಸ್ಕಾರ್ರಿ ಯಜಮಾನ್ರ. ಹೊಸಾದು ಬ್ಯಾಡ್ರಿ, ಹಳೇದು ಬಂಗಾರದಂಗ ಐತಿ. ಒಂದ್ ಸ್ಕ್ರೂ ಸಡ್ಲಾಗಿತ್ತು, ಅಷ್ಟ. ಇನ್ನ ಮ್ಯಾಲೆ ನಿಮ್ಮ ಮಗಳು ಇಲ್ಲೀತನಕ ಬರೋದು ಬ್ಯಾಡ. ಭಾನುವಾರ ನಾನ ಕುರುಗೋಡಿಗೆ ಬರ್ತೀನ್ರಿ. ನಮ್ಮವ್ವನ್ನೂ ಕರ್ಕೊಂಡು."



"ಅಲ್ಲಪಾ," ಅಂದ ಕೆಂಚಣ್ಣ, "ಕಾರ್ಬೊರೇಟರ್ ನೋಡಾಕ ನಿಮ್ಮವ್ವ ಯಾಕ?"

ಭೀಮರಾಜ ಫೋನನ್ನು ಸುಮಂಗಲಾಳ ಕೈಗಿಟ್ಟ. ಕಣ್ಣಲ್ಲೇ ಕೇಳಿದ. ಅವಳು ಅವನನ್ನು ನೋಡುತ್ತಲೇ ಫೋನಿಗೆ ಹೇಳಿದಳು:

"ಅಪ್ಪಾ, ಭಾನುವಾರ ಎಲ್ಲೂ ಹೋಗಬ್ಯಾಡ. ಹೋಳಿಗಿ ಮಾಡ್ತೀನಿ."